ಮದುವೆ ಪೊರಕೆಯ ಹುಲ್ಲು

ಖೇತಿವೆ ಎಂಬಾಥಾ ಕುಲದವರ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಗೆ ಚಾಪೆ, ಮಾವನಿಗೆ ಕಂಬಳಿ, ನಾದಿನಿಯರಿಗೆ ಪೊರಕೆ ತಂದಳು. ತರದಿದ್ದರೆ ನಮ್ಮ ಜುಲು ಮನೆಗಳಲ್ಲಿ ಸೊಸೆಯನ್ನು ಸೊಸೆ ಅನ್ನುವುದಿಲ್ಲ. ಪೊರಕೆಗಳನ್ನು ಅವಳೇ ಕಟ್ಟಿದ್ದಳು. ಮದುವೆಗೆ ಮುಂಚೆ ಡರ್ಬನ್ನಿನ ಒಂದು ಹೋಟೆಲಿನ ತೋಟದಲ್ಲಿ ಕಳೆ ಕೀಳುತ್ತಿದ್ದ ಹುಡುಗಿ. ಅಲ್ಲಿ ಅಂದಕ್ಕೆಂದು ನೆಟ್ಟಿದ್ದ ಹುಲ್ಲಿನ ತೆನೆಗಳು ಅಳಿಲ ಬಾಲದ ಹಾಗೆ ತುಪ್ಪಳ ತುಪ್ಪಳ, ನಸುಗೆಂಪು. ಅವನ್ನು ಕೊಯ್ದು ಪೊರಕೆಗೆ ಕುಚ್ಚು ಕಟ್ಟಿದ್ದಳು. ಊರಿಗೆ ಊರೇ ಮುಟ್ಟಿ ಮುಟ್ಟಿ ನೋಡಿತು.

ಹೊಸ ಸೊಸೆಯಾದವಳು ಕೋಳಿಗಿಂತ ಮುಂಚೆ ಎದ್ದು ಗುಡಿಸಬೇಕು. ಅತ್ತೆ ಮಾಮ್ಚುನು ಅಷ್ಟಕ್ಕೇ ಬಿಡುವ ಹೆಂಗಸೇ? "ಅಂಗಳ ಗುಡಿಸಿದ್ರೆ ಆಯ್ತೇನೇ? ದೊಡ್ಡಿ ಬಾಗಿಲ ತನಕ ನಿಮ್ಮವ್ವ ಬಂದು ಗುಡಿಸ್ತಾಳಾ?" ಖೇತಿವೆ ತಾನು ತಂದ ಕುಚ್ಚಿನ ಪೊರಕೆ ಹಿಡಿದೇ ದೊಡ್ಡಿಯ ತನಕ ಗುಡಿಸಿದಳು. ದಿನಾ ಗುಡಿಸಿದಳು. ಗುಡಿಸಿದಷ್ಟೂ ಬೀಜ ಉದುರಿ ಗಾಳಿಗೆ ಹಾರಿತು.

ಎರಡನೇ ಮಳೆಗೆ ದೊಡ್ಡಿಯ ಕಂಬಗಳ ಬುಡದಲ್ಲಿ ಹುಲ್ಲು ಎದ್ದಿತು. ನಾಲ್ಕನೇ ಮಳೆಗೆ ಮನೆ ಹಿಂದಿನ ಬೋಳುಗುಡ್ಡವೇ ತುಂಬಿತು. ದನಗಳು ಮೂಸಿ ಮುಖ ತಿರುಗಿಸಿದವು. ಆದರೂ ಮಾವ ಬೀಗಿದ್ದೇ ಬೀಗಿದ್ದು: "ನೋಡ್ರೋ, ಪಿತೃಗಳೇ ಹಾಸಿರೋ ಹುಲ್ಲು ಇದು. ಒಬ್ರೂ ಕೈ ಹಚ್ಚಬಾರದು." ದೊಡ್ಡಿ ಎಂದರೆ ನಮಗೆ ಪಿತೃಗಳ ಜಾಗ. ಸೊಸೆ ಅದರೊಳಗೆ ಕಾಲಿಡುವಂತಿಲ್ಲ, ಮಾವನೆದುರು ತುಟಿ ಬಿಚ್ಚುವಂತಿಲ್ಲ.

ಮಗಳು ನೊಲ್ವಾಝಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಆಸ್ಪತ್ರೆಯ ಗೋಡೆಯ ಮೇಲೆ ಖೇತಿವೆ ಅದೇ ತೆನೆಯ ಚಿತ್ರ ಕಂಡಳು. ಪರದೇಶದ ಹುಲ್ಲು, ದನ ತಿನ್ನುವುದಿಲ್ಲ, ಒಣಗಿದರೆ ಬೆಂಕಿ ನಿಲ್ಲುವುದಿಲ್ಲ, ಕಂಡಲ್ಲಿ ಬೇರುಸಮೇತ ಕೀಳಿ ಎಂದು ಬರೆದಿತ್ತು. ಗುರುತು ಬೇಕಿದ್ದರೆ ಗರಿಯನ್ನು ತುದಿಯಿಂದ ಬುಡಕ್ಕೆ ಸವರಿ ನೋಡಿ, ಗರಗಸದಂತೆ ತರಚುತ್ತದೆ ಎಂದೂ ಇತ್ತು. ಮನೆಗೆ ಬಂದು ಬೇಲಿಯಾಚೆಯ ಒಂದು ಗರಿ ಸವರಿದಳು. ಬೆರಳಲ್ಲಿ ರಕ್ತ ಜಿನುಗಿತು. ನೆಟ್ಟಗೆ ಅತ್ತೆಯ ಬಳಿ ಹೋದಳು.

"ಅತ್ತೆ, ಆ ಹುಲ್ಲು ಕೆಟ್ಟದ್ದಂತೆ. ಆಗಸ್ಟ್ ಒಣಗಾಳೀಲಿ ಒಂದು ಕಿಡಿ ಬಿದ್ರೆ ಮನೆ ಉಳಿಯಲ್ಲ. ಮಾವನಿಗೆ ನೀವೇ ಹೇಳಿ." ತನ್ನ ಪೊರಕೆಯಿಂದ ಬಂದದ್ದು ಎಂಬುದನ್ನು ಮಾತ್ರ ನುಂಗಿಕೊಂಡಳು. ಪಾಪ, ಹೇಳಿದ್ದರೆ ಆ ಮನೆಯಲ್ಲಿ ಬಾಳುವುದುಂಟೇ?

"ಆಹಾಹಾ! ನಾಲ್ಕು ದಿನ ಹೋಟ್ಲಲ್ಲಿ ಕಳೆ ಕಿತ್ತೋಳು ನಮಗೆ ಹುಲ್ಲಿನ ಪಾಠ ಹೇಳ್ತಾಳೆ. ಮೊದಲು ಒಂದು ಗಂಡು ಹೆತ್ತು ತೋರ್ಸು, ಹೋಗು!"

ಗಂಡ ಫಕಮಾನಿ ಅವ್ವ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕೋಲೆ ಬಸವ. ಅವನನ್ನು ನಂಬಿ ಫಲವಿರಲಿಲ್ಲ. ಗಂಡಸರೆಲ್ಲ ಪಕ್ಕದೂರಿನ ಸಾವಿಗೆ ಹೋದ ದಿನ ಖೇತಿವೆ ಗಟ್ಟಿ ಮನಸ್ಸು ಮಾಡಿ ಗುದ್ದಲಿ ಹಿಡಿದು ದೊಡ್ಡಿಯೊಳಗೆ ನುಗ್ಗಿದಳು. ನಾಲ್ಕು ಬುಡ ಕಿತ್ತಿರಲಿಲ್ಲ, ಅತ್ತೆ ಬೊಬ್ಬೆ ಹಾಕಿದಳು: "ಅಯ್ಯಯ್ಯೋ, ಬನ್ರೇ! ಪಿತೃಗಳ ತಲೆ ಮೇಲೆ ಕಾಲಿಟ್ಲು!"

ಸಂಜೆ ಮಾವನ ತೀರ್ಪಾಯಿತು. ತವರಿಗೆ ಹೋಗಿ, ಪಿತೃಗಳಿಗೆ ಕಡಿಯಲು ತಪ್ಪಿನ ಆಡು ತರಬೇಕು. ಖೇತಿವೆ ಮಗಳನ್ನು ಬೆನ್ನಿಗೆ ಕಟ್ಟಿಕೊಳ್ಳಲು ಹೋದಾಗ ಮಾಮ್ಚುನು ಕಿತ್ತುಕೊಂಡಳು. "ಕೂಸು ನಮ್ಮ ಕುಲದ್ದು, ಇಲ್ಲೇ ಇರ್ಲಿ. ಆಡು ತಂದು ಆಮೇಲೆ ಮುಖ ನೋಡು." ಎರಡು ವರ್ಷದ ಕೂಸು "ಅವ್ವಾ" ಎಂದು ಅಳುತ್ತಲೇ ಇತ್ತು. ಅವಳು ತಿರುಗಿ ನೋಡದೆ ಓಡಿದಳು, ಬೇಗ ಹೋದಷ್ಟೂ ಬೇಗ ಬರಬಹುದೆಂದು.

ತವರಲ್ಲಿ ಇದ್ದದ್ದು ಕೋಳಿ ಮಾತ್ರ. ಅಣ್ಣ ಹನ್ನೊಂದು ದಿನ ಅವರಿವರ ಕಾಲು ಹಿಡಿದು ಒಂದು ಕಪ್ಪು ಆಡು ಹೊಂದಿಸಿದ. ಅದನ್ನು ಎಳೆದುಕೊಂಡು ತಿರುವಿಗೆ ಬಂದಾಗ ಖೇತಿವೆಗೆ ಗುಡ್ಡ ಕಪ್ಪಗೆ ಕಂಡಿತು. ಹಿಂದಿನ ಮಧ್ಯಾಹ್ನ ಯಾರೋ ಸುಟ್ಟ ಕಸದ ಕಿಡಿ ಹುಲ್ಲಿಗೆ ಹಾರಿತ್ತು. ಅಲ್ಲಿಂದ ದೊಡ್ಡಿಗೆ, ದೊಡ್ಡಿಯಿಂದ ಅತ್ತೆಯ ಗುಡಿಸಲಿನ ಸೂರಿಗೆ. ಅತ್ತೆ ನೀರಿಗೆ ಹೋಗಿದ್ದಳು. ಕೂಸು ಒಳಗೆ ಮಲಗಿತ್ತು.

ಅವಳು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಾಗ ಯಾರೋ ಬಂದು ಅವಳ ಮುಷ್ಟಿಯಿಂದ ಆಡಿನ ಹಗ್ಗ ಬಿಡಿಸಿಕೊಂಡರು. ಆಡನ್ನು ಕಡಿದರು. ನೀನು ಕಿತ್ತದ್ದಕ್ಕೇ ಪಿತೃಗಳು ಮುನಿದರು ಎಂದರು. ಅವಳು ಅದನ್ನೂ ಕೇಳಿಸಿಕೊಂಡಳು.

ಎರಡು ವಾರಕ್ಕೆ ಸುಟ್ಟ ಗುಡ್ಡದಲ್ಲಿ ಮೊದಲು ಚಿಗುರಿದ್ದು ಅದೇ ಹುಲ್ಲು. ಬೇರೆ ಒಂದು ಎಸಳೂ ಇಲ್ಲ. ಮಾವ ಎಲ್ಲರನ್ನೂ ಕರೆದು ತೋರಿಸಿದ: "ಕಂಡ್ರಾ? ಪಿತೃಗಳು ಕ್ಷಮಿಸಿದ್ರು."

ಖೇತಿವೆ ಮದುವೆಯಾದಂದಿನಿಂದ ಮೊದಲ ಸಲ ಮಾವನ ಮುಖ ನೋಡಿ ಮಾತಾಡಿದಳು. "ಪಿತೃಗಳದ್ದಲ್ಲ ಬಾಬಾ. ನನ್ನ ಪೊರಕೆಯ ಕುಚ್ಚಿನ ಬೀಜ ಅದು. ನಾನೇ ತಂದದ್ದು, ನಾನೇ ಗುಡಿಸಿ ಹರಡಿದ್ದು. ಕಾಲಿಗೆ ಬೀಳ್ತೀನಿ, ಈಗ್ಲಾದ್ರೂ ಕೀಳಿಸಿ."

ಮಾಮ್ಚುನು ನಿಧಾನವಾಗಿ ಅಂದಳು: "ಹಾಗಾದ್ರೆ ನನ್ನ ಮೊಮ್ಮಗಳನ್ನ ಸುಟ್ಟೋಳು ನೀನೇ."

"ಹೂಂ, ನಾನೇ," ಅಂದಳು ಖೇತಿವೆ. "ಕೀಳಿಸಿ."

ಹೊತ್ತು ಮುಳುಗುವುದರೊಳಗೆ ಫಕಮಾನಿಯೇ ಅವಳನ್ನು ಊರ ಗಡಿ ದಾಟಿಸಿ ಬಂದ. ಮಾರನೇ ದಿನ ಮಾವ ಆ ಚಿಗುರನ್ನು ಯಾರೂ ತುಳಿಯದಂತೆ ಸುತ್ತ ಮುಳ್ಳುಬೇಲಿ ಹಾಕಿಸಿದ.