ಟೈಲರಕ್ಕ ಕೈ ಎತ್ತಿದ್ದು

ಆ ಬೀದಿಯಲ್ಲಿ ಯಾರು ಬಸುರಿ ಅನ್ನುವುದು ಗಂಡಂದಿರಿಗಿಂತ ಮೊದಲು, ಎಷ್ಟೋ ಸಲ ಡಾಕ್ಟರಿಗಿಂತ ಮೊದಲು, ಟೈಲರಕ್ಕನಿಗೆ ಗೊತ್ತಾಗುತ್ತಿತ್ತು. "ಅಕ್ಕಾ, ಸೊಂಟದ ಹತ್ತಿರ ಯಾಕೋ ಬಿಗಿ ಆಗ್ತಿದೆ, ಒಂದಿಂಚು ಬಿಡ್ತೀರಾ?" ಎಂದು ಬಟ್ಟೆ ಹಿಡಿದು ಬರುವರು. ಟೈಲರಕ್ಕ ಟೇಪು ಸುತ್ತಿ, ಮುಖ ನೋಡಿ, ಏನೂ ಕೇಳದೆ ಎರಡಿಂಚು ಬಿಡುವಳು. ಅಳತೆ ಪುಸ್ತಕದಲ್ಲಿ ಹೆಸರು, ತಾರೀಖು, ಎದೆ, ಸೊಂಟ ಬರೆದುಕೊಳ್ಳುವಳು. ಎರಡು ತಿಂಗಳ ಮೇಲೆ ಅದೇ ಬಟ್ಟೆಯನ್ನು ಮತ್ತೆ ಬಿಗಿ ಮಾಡಿಸಲು ತಂದವರೂ ಇದ್ದರು. ಆಗಲೂ ಅವಳು ಏನೂ ಕೇಳಿದವಳಲ್ಲ. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಇಟ್ಟುಕೊಂಡಿರುವವಳಿಗೆ ಕೇಳುವುದಾದರೂ ಹೇಗೆ? ಇಪ್ಪತ್ತೆರಡು ವರ್ಷದಿಂದ ಹೀಗೆ ಊರಿನ ಅರ್ಧ ಹೆಂಗಸರ ಗುಟ್ಟನ್ನು ಹೊಟ್ಟೆಯೊಳಗೆ ಹಾಕಿಕೊಂಡಿದ್ದಳು.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಗಾಜಿನ ಕಿಟಕಿಯ ಹತ್ತಿರ ಬಟ್ಟೆ ತೊಡಿಸಿದ ಒಂದು ಗೊಂಬೆ, ಅದರ ಪಕ್ಕ ತುಳಿಯುವ ಮೆಷಿನ್ನು, ಮೂಲೆಯಲ್ಲಿ ಪರದೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಅತ್ತೆ ಕೂತು ಬ್ಲೇಡಿನಿಂದ ಹಳೆ ಹೊಲಿಗೆ ಬಿಚ್ಚುವರು. ಜೊತೆಗೆ ಬೀದಿಯಲ್ಲಿ ಹೋಗುವವರ ಬಗ್ಗೆ ತಮ್ಮ ಅಭಿಪ್ರಾಯವನ್ನೂ ಬಿಚ್ಚುವರು. ಗಂಡ ಪುರಸಭೆಯಲ್ಲಿ ನೀರು ಬಿಡುವವನು. ಯಾವ ಬೀದಿಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ಕೈಯಲ್ಲಿದ್ದರೂ ಮನೆಯಲ್ಲಿ ಅವನ ಮಾತು ಎಂದೂ ಜೋರಾಗಿ ಹರಿದದ್ದಿಲ್ಲ.

ಹೆಂಗಸರಿಗೆ ಮೀಸಲಾದ ವಾರ್ಡಿಗೆ ಯಾರನ್ನು ನಿಲ್ಲಿಸುವುದೆಂದು ಪಕ್ಷದವರು ತಲೆ ಕೆಡಿಸಿಕೊಂಡಿದ್ದಾಗ, "ಟೈಲರಕ್ಕನ್ನ ನಿಲ್ಲಿಸಿ, ಆಯಮ್ಮ ಬಾಯಿ ತೆಗೆಯಲ್ಲ" ಎಂದು ಯಾರೋ ಅಂದರಂತೆ. ಎಲ್ಲರೂ ನಕ್ಕು ಒಪ್ಪಿದರು. ಎರಡೂ ಧರ್ಮದ ಬೀದಿಯವರು ಓಟು ಹಾಕಿದ್ದರಿಂದ ಗೆದ್ದೂ ಗೆದ್ದಳು. "ಮೆಂಬರ್ ಆದ್ಮೇಲಾದರೂ ಅಡುಗೆಗೆ ಉಪ್ಪು ಸರಿಯಾಗಿ ಬೀಳುತ್ತೋ ನೋಡೋಣ" ಅಂದರು ಅತ್ತೆ. ಒಂದೂವರೆ ವರ್ಷ ಬೀದಿದೀಪ, ಚರಂಡಿ, ಮುರಿದ ಮೆಟ್ಟಿಲು ಅಂತ ಓಡಾಡಿದಳು. ಸಭೆಯಲ್ಲಿ ಉಳಿದವರು ಕೈ ಎತ್ತಿದಾಗ ತಾನೂ ಎತ್ತುತ್ತಿದ್ದಳು.

ಹಾಗೆಯೇ ಒಂದು ದಿನ "ತಾಯಂದಿರ ರಕ್ಷಣಾ ಸಮಿತಿ"ಗೂ ಕೈ ಎತ್ತಿದಳು. ಹೆಸರು ಕೇಳಲು ಚೆನ್ನಾಗಿತ್ತು. ಅಧ್ಯಕ್ಷರು ನಯವಾಗಿ ಓದಿದರು: ಪುರಸಭೆ ಆಸ್ಪತ್ರೆಗೆ ಬರುವ ಪ್ರತಿ ಬಸುರಿಯ ವಿವರ ದಾಖಲಾಗಬೇಕು, ಅದರಲ್ಲಿ ಅವಳ ಧರ್ಮ ಬರೆಯಲು ಒಂದು ಕಲಂ ಇರಬೇಕು. ಬಸಿರು ತಡೆಯುವುದಕ್ಕಾಗಲಿ ತೆಗೆಸುವುದಕ್ಕಾಗಲಿ ಗಂಡನ ಸಹಿ, ಆಯಾ ಧರ್ಮದ ಹಿರಿಯರ ಪತ್ರ, ಸಮಿತಿಯ ಮೊಹರು ಮೂರೂ ಬೇಕು. ಮೊಹರು ಒತ್ತುವ ಕೆಲಸ ಸಮಿತಿಗೆ ಸೇರಿದ್ದ ಔಷಧಿ ಅಂಗಡಿಯವನಿಗೆ. ಟೈಲರಕ್ಕನಿಗೆ ಆ ಹೊತ್ತು ಸಂಜೆಯೊಳಗೆ ಕೊಡಬೇಕಿದ್ದ ಎರಡು ರವಿಕೆಗಳದೇ ಯೋಚನೆ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಔಷಧಿ ಅಂಗಡಿಯವನು ಯಾವ ಹೆಂಗಸು ಯಾವ ಮಾತ್ರೆ ಕೇಳಿದಳೆಂದು ಬರೆದಿಟ್ಟುಕೊಳ್ಳುತ್ತಿದ್ದ. ಸಮಿತಿಯ ಇಬ್ಬರು ಮನೆಮನೆಗೆ ಹೋಗುತ್ತಿದ್ದರು. ಬಹಳ ಮಂದಿಯ ಧರ್ಮದವರ ಬೀದಿಗೆ ಒಂದು ಸಲ ಹೋದರೆ, ಇನ್ನೊಂದು ಧರ್ಮದವರ ಆಚೆ ಬೀದಿಗೆ ಮೂರು ಸಲ. "ನಿಮ್ಮಲ್ಲಿ ಮಕ್ಕಳೆಷ್ಟು? ಇನ್ನೆಷ್ಟು ಹೆರೋ ಯೋಚನೆ?" ಎಂದು ಹೊಸ್ತಿಲಲ್ಲೇ ನಿಂತು ಕೇಳುತ್ತಿದ್ದರು. ಅಧ್ಯಕ್ಷರು ಭಾಷಣಗಳಲ್ಲಿ "ಅವರು ಬೆಳೀತಿದ್ದಾರೆ, ನಾವು ಕರಗ್ತಿದ್ದೀವಿ" ಅನ್ನತೊಡಗಿದರು. ಬೀದಿ ದಾಟುವಾಗ ನಗುತ್ತಿದ್ದ ಜನ ನೆಲ ನೋಡಿಕೊಂಡು ನಡೆಯತೊಡಗಿದರು.

ಆಚೆ ಬೀದಿಯ ಬೇಕರಿಯವನ ಹೆಂಡತಿ ಬಟ್ಟೆ ಸಡಿಲ ಮಾಡಿಸಿಕೊಂಡು ಹೋಗಿ ಹತ್ತು ದಿನವಾಗಿತ್ತಷ್ಟೆ. ಒಂದು ಬೆಳಿಗ್ಗೆ ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿ ಬಂದ. "ಅಕ್ಕಾ, ನೀವು ಮೆಂಬರ್ರು. ಬನ್ನಿ, ಒಂದು ಮಾತು ಹೇಳಿ. ಹೆಂಡತೀನ ಆಸ್ಪತ್ರೆ ಒಳಗೇ ಸೇರಿಸ್ಕೊಳ್ತಿಲ್ಲ."

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಮುದುಡಿ ಮಲಗಿದ್ದಳು. ಮಗು ಒಳಗೇ ಸತ್ತಿದೆ, ತೆಗೆಯಬೇಕು ಎಂದು ಡಾಕ್ಟರಮ್ಮ ಹಿಂದಿನ ಸಂಜೆಯೇ ಬರೆದಿದ್ದರು. ಗಂಡ ಸಹಿ ಹಾಕಿದ್ದ. ಅವರ ಪ್ರಾರ್ಥನಾ ಮಂದಿರದ ಹಿರಿಯರು, "ನಾನು ಬರೆದುಕೊಟ್ಟರೆ ನಾಳೆ ಅದನ್ನೇ ಹಿಡಿದು ನಮ್ಮ ಮೇಲೆ ಬೀಳ್ತಾರೆ" ಎಂದು ಹೆದರಿ, ಕಾಡಿಸಿ ಬೇಡಿಸಿ ಬೆಳಗಿನ ಜಾವ ಪತ್ರ ಕೊಟ್ಟಿದ್ದರು. ಮೊಹರು ಒತ್ತುವವನು ಪರವೂರಿನ ಮದುವೆಗೆ ಹೋಗಿದ್ದ.

"ಡಾಕ್ಟರಮ್ಮ, ಮೈ ಸುಡ್ತಿದೆ ಇವಳಿಗೆ" ಅಂದಳು ಟೈಲರಕ್ಕ.

"ಗೊತ್ತು. ಮೊಹರಿಲ್ಲದೆ ಮುಟ್ಟಿದರೆ ನನ್ನ ಕೆಲಸ ಹೋಗುತ್ತೆ, ಜೈಲಿಗೂ ಹಾಕಿಸ್ತೀವಿ ಅಂದಿದ್ದಾರೆ." ಡಾಕ್ಟರಮ್ಮ ಅವಳ ಕಡೆ ನೋಡದೆ ಗೋಡೆ ತೋರಿಸಿದರು. "ನೀವೇ ಅಲ್ವಾ ಪಾಸು ಮಾಡಿದ್ದು?"

ಗೋಡೆಗೆ ಅಂಟಿಸಿದ್ದ ನಿಯಮದ ಕೆಳಗೆ ಹದಿಮೂರು ಸದಸ್ಯರ ಹೆಸರಿತ್ತು. ಒಂಬತ್ತನೆಯದು ಅವಳದೇ. ಟೈಲರಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಬೆಂಚಿಗೆ ಬಂದು ಆ ಹೆಂಗಸಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಔಷಧಿ ಅಂಗಡಿಯವನು ಬಂದಾಗ ಮಧ್ಯಾಹ್ನ ಮೂರು ಗಂಟೆ. ನಿಧಾನವಾಗಿ ಕನ್ನಡಕ ಹಾಕಿಕೊಂಡು, ಕಾಗದವನ್ನೆಲ್ಲ ಓದಿ, ಮೊಹರು ಒತ್ತಿದ.

ಜೀವ ಉಳಿಯಿತು. ಆದರೆ ನಂಜೇರಿ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಮಾರನೆಯ ದಿನದ ಹೊತ್ತಿಗೆ ಊರಲ್ಲಿ ಕಥೆ ಬೇರೆಯೇ ಆಗಿತ್ತು: ಬೇಕರಿಯವಳು ಮಗು ಕೊಲ್ಲಿಸಲು ಹೋಗಿ ಸಿಕ್ಕಿಬಿದ್ದಳಂತೆ.

ಮುಂದಿನ ಸಭೆಯಲ್ಲಿ ಟೈಲರಕ್ಕ ಎದ್ದು ನಿಂತಾಗ ಅಧ್ಯಕ್ಷರು ನಕ್ಕರು. "ಏನ್ ತಾಯಿ, ಬೀದಿದೀಪಾನಾ?"

"ಅಲ್ಲ ಸಾರ್. ಆ ಸಮಿತಿಗೆ ನಾನೂ ಕೈ ಎತ್ತಿದ್ದೆ. ಓದದೆ ಎತ್ತಿದ್ದೆ. ಅದನ್ನ ಇವತ್ತು ವಾಪಸ್ ತಗೋತೀನಿ." ಮೇಜು ಹಿಡಿದುಕೊಂಡಳು. "ಹೊಟ್ಟೆ ಹೊತ್ತವಳ ಕಷ್ಟ ಹೊತ್ತವಳಿಗೇ ಗೊತ್ತು. ಅದನ್ನ ಅವಳು, ಅವಳ ಡಾಕ್ಟರು ನೋಡ್ಕೋತಾರೆ. ಮದುವೆ ಊಟ ಮುಗಿಸಿ ಬರೋ ಗಂಡಸಿನ ಮೊಹರಿಗೆ ಕಾಯೋಕೆ ಜೀವ ಏನು ಅಂಚೆ ಪತ್ರಾನಾ? ಇನ್ನು ಆ ಧರ್ಮದ ಕಲಂ. ನನ್ನ ಅಂಗಡಿಗೆ ಎರಡೂ ಕಡೆಯವರು ಬರ್ತಾರೆ. ಅಳತೆ ತಗೊಳ್ಳೋವಾಗ ನಾನು ದೇವರ ಹೆಸರು ಕೇಳಲ್ಲ. ಜ್ವರ ನೋಡೋ ಡಾಕ್ಟರಿಗೆ ಯಾಕೆ ಬೇಕು? ನೀವು ಎಣಿಸ್ತಿರೋದು ಯಾರನ್ನ, ಯಾಕೆ, ಬಾಯಿ ಬಿಟ್ಟು ಹೇಳಿ."

"ಎಲ್ಲಾ ಬೇಕರಿಯವರು ಹೇಳಿಕೊಟ್ಟ ಮಾತು" ಎಂದು ಹಿಂದಿನಿಂದ ಒಬ್ಬ ಕೂಗಿದ. "ನಿಮಗೇನು ಗೊತ್ತು ಅದರ ಪಾಪ?"

ಟೈಲರಕ್ಕ ಅಲ್ಲಿಗೇ ಕೂತುಬಿಡಬಹುದಿತ್ತು. ಆದರೆ ಇಷ್ಟು ವರ್ಷ ಗಂಟಲಲ್ಲೇ ಇದ್ದುದು ಆಚೆ ಬಂದೇ ಬಿಟ್ಟಿತು. "ನನಗೆ ಗೊತ್ತು. ಹದಿನೇಳು ವರ್ಷದ ಹಿಂದೆ ಅದೇ ಆಸ್ಪತ್ರೆಗೆ ನಾನೂ ಹೋಗಿದ್ದೆ. ಎರಡನೇ ಹೆರಿಗೆಯಲ್ಲಿ ಸತ್ತು ಬದುಕಿದ್ದೆ, ಮೂರನೇದು ನಿಂತಿತ್ತು. ಬೇಡ ಅಂದೆ. ಡಾಕ್ಟರು ಸರಿ ಅಂದ್ರು. ಯಾರೂ ಪತ್ರ ಕೇಳಲಿಲ್ಲ. ಅದಕ್ಕೇ ನನ್ನ ಇಬ್ಬರು ಮಕ್ಕಳಿಗೆ ತಾಯಿ ಇದ್ದಾಳೆ."

ಅಧ್ಯಕ್ಷರು ಕಾಗದ ಮಡಚಿ, "ಮುಂದಿನ ತಿಂಗಳು ಮತಕ್ಕೆ ಹಾಕೋಣ" ಅಂದರು. ಆಮೇಲೆ ಬಹಳ ಪ್ರೀತಿಯಿಂದ ಸೇರಿಸಿದರು: "ಒಂದು ತಿಂಗಳು ಇದೆ ತಾಯಿ. ಯೋಚನೆ ಮಾಡಿ."

ಆ ಒಂದು ತಿಂಗಳು ಬಲು ಉದ್ದವಾಗಿತ್ತು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದು ಕೂತಿತ್ತು. ಗಂಡನಿಗೆ ಹಳೆಯ ವಿಷಯ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಅತ್ತೆ ಬೈಯಲಿಲ್ಲ, ಅದೇ ಭಯವಾಯಿತು. ಬ್ಲೇಡು ಹಿಡಿದು ಹೊಲಿಗೆ ಬಿಚ್ಚುತ್ತಲೇ ಇದ್ದರು, ಬಿಚ್ಚಬೇಕಾದ ಕಡೆಯೂ, ಬಿಚ್ಚಬಾರದ ಕಡೆಯೂ.

ಮೊದಲ ವಾರ ಗಿರಾಕಿಗಳು ಅರ್ಧ ಹೊಲಿದ ಬಟ್ಟೆಗಳನ್ನು ವಾಪಸು ಕೇಳಿದರು. "ಮನೇಲಿ ಬೇಡ ಅಂತಾರೆ ಅಕ್ಕ" ಎನ್ನುವಾಗ ಕಣ್ಣು ಬೀದಿಯ ಕಡೆಗೆ. ಬೀದಿಯ ಆಚೆ ಬದಿ ಇಬ್ಬರು ಗಂಡಸರು ಬೆಳಿಗ್ಗೆಯಿಂದ ಸಂಜೆವರೆಗೆ ನಿಂತಿರುತ್ತಿದ್ದರು. ಬೈಯುತ್ತಿರಲಿಲ್ಲ, ಹತ್ತಿರ ಬರುತ್ತಿರಲಿಲ್ಲ. ಅಂಗಡಿಗೆ ಯಾರು ಬಂದರೂ ಒಬ್ಬ ಗಡಿಯಾರ ನೋಡಿಕೊಳ್ಳುತ್ತಿದ್ದ. ಎರಡನೆಯ ವಾರ ಗಂಡನನ್ನು ಹದಿನೆಂಟು ಮೈಲಿ ದೂರದ ಪಂಪ್‌ಹೌಸಿಗೆ ಹಾಕಿದರು. ಅವನು ಊಟದ ಡಬ್ಬಿ ಮುಚ್ಚುತ್ತಾ, "ನನ್ನದು ಹೇಗೋ ಆಗುತ್ತೆ. ನೀನು ಒಬ್ಬಳೇ ಎಲ್ಲೂ ಹೋಗಬೇಡ" ಅಂದ. ಅಷ್ಟು ದೊಡ್ಡ ಮಾತನ್ನು ಅವನು ಮದುವೆಯಾದ ಮೇಲೆ ಆಡಿದ್ದು ಅದೇ ಮೊದಲು.

ಮೂರನೆಯ ವಾರ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಗಾಜು ಒಡೆದಿತ್ತು. ಗೊಂಬೆ ಮೆಟ್ಟಿಲ ಮೇಲೆ ಅಂಗಾತ ಮಲಗಿತ್ತು. ಅದರ ಹೊಟ್ಟೆಯನ್ನು ಮೇಲಿನಿಂದ ಕೆಳಗೆ ಸೀಳಿದ್ದರು, ಹತ್ತಿ ಬೀದಿಯುದ್ದಕ್ಕೂ ಹಾರಾಡುತ್ತಿತ್ತು. ಕಳ್ಳರಾಗಿದ್ದರೆ ಕತ್ತರಿಯನ್ನಾದರೂ ಒಯ್ಯುತ್ತಿದ್ದರು. ಕತ್ತರಿಯನ್ನು ಗೊಂಬೆಯ ಪಕ್ಕದಲ್ಲೇ ನೀಟಾಗಿ ಮುಚ್ಚಿ ಇಟ್ಟಿದ್ದರು. ಟೈಲರಕ್ಕ ಹತ್ತಿಯನ್ನು ಗುಡಿಸುವಾಗ ಆಚೆಯ ಇಬ್ಬರು ನೋಡುತ್ತಲೇ ನಿಂತಿದ್ದರು.

ಅದೇ ದಿನ ಮಧ್ಯಾಹ್ನ ಔಷಧಿ ಅಂಗಡಿಯವನು ಬಂದ. ಒಡೆದ ಗಾಜು ನೋಡಿ ಚ್ಚು ಚ್ಚು ಅಂದ. "ಕಾಲ ಕೆಟ್ಟಿದೆ ಟೈಲರಕ್ಕ. ನಿಮ್ಮಿಂದ ಒಂದು ಸಣ್ಣ ಉಪಕಾರ. ನಿಮ್ಮ ಅಳತೆ ಪುಸ್ತಕ ಇದೆಯಲ್ಲ, ಎರಡು ದಿನ ಕೊಡಿ."

"ಬಟ್ಟೆ ಹೊಲಿಯೋದು ಕಲೀತೀರಾ?"

ಅವನು ನಗಲಿಲ್ಲ. "ಯಾರ ಸೊಂಟ ಯಾವ ತಿಂಗಳು ದಪ್ಪ ಆಯ್ತು, ಯಾವ ತಿಂಗಳು ಇಳೀತು, ಅಷ್ಟು ಸಾಕು. ಮಗು ಮಾತ್ರ ಇಲ್ಲ ಅಂದ್ರೆ, ಅಲ್ಲೇನಾಯ್ತು ಅಂತ ನಾವು ಕೇಳ್ಕೋತೀವಿ. ನೀವು ಕೊಟ್ರೆ ನಿಮ್ಮ ಯಜಮಾನರು ಸೋಮವಾರವೇ ಊರಿಗೆ ವಾಪಸ್. ಕೊಡದಿದ್ರೆ ಇವತ್ತು ಗೊಂಬೆ..." ಮಾತನ್ನು ಅಲ್ಲಿಗೇ ಬಿಟ್ಟ.

ಟೈಲರಕ್ಕ ಪುಸ್ತಕವನ್ನು ಸೆರಗಿನೊಳಗೆ ಎಳೆದುಕೊಳ್ಳುವಷ್ಟರಲ್ಲಿ ಸ್ಟೂಲಿನ ಕಡೆಯಿಂದ ಮೂರು ವಾರದ ಮೌನ ಮುರಿಯಿತು.

"ಏನಪ್ಪಾ," ಅಂದರು ಅತ್ತೆ, "ನಿನ್ನ ಹೆಂಡತಿ ಅಳತೇನೂ ಅದರಲ್ಲೇ ಇದೆ. ಹೋದ ವರ್ಷದ್ದು. ಓದಿಸಲಾ? ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿಸ್ತೀನಿ, ಆ ಇಬ್ಬರಿಗೂ ಕೇಳಲಿ."

ಅವನ ಮುಖ ಕಪ್ಪಿಟ್ಟಿತು. ಮೆಟ್ಟಿಲು ಇಳಿದು ಹೋದ.

"ಅತ್ತೆ, ಅವರ ಹೆಂಡತಿ ನಮ್ಮ ಹತ್ರ ಹೊಲಿಸೋದೇ ಇಲ್ಲ" ಅಂದಳು ಟೈಲರಕ್ಕ.

"ಅವನಿಗೆ ಗೊತ್ತಿಲ್ವಲ್ಲ." ಅತ್ತೆ ಬ್ಲೇಡು ಕೆಳಗಿಟ್ಟರು. "ನನಗೊಂದು ಮಾತು ಹೇಳಬಾರದಿತ್ತೇನೇ ಅವತ್ತು?" ಅಂದರು.

"ಹೇಳಿದ್ರೆ ಬೈತಿದ್ರಿ."

"ಬೈತಿದ್ದೆ. ಬೈಕೊಂಡೇ ಜೊತೆಗೆ ಬರ್ತಿದ್ದೆ."

ಟೈಲರಕ್ಕ ಪರದೆಯ ಹಿಂದೆ ಹೋಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು. ಆಮೇಲೆ ಇಬ್ಬರೂ ಕೂತು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಒಲೆಗೆ ಹಾಕಿದರು. ಇಪ್ಪತ್ತೆರಡು ವರ್ಷದ ಎದೆ, ಸೊಂಟ, ತೋಳು ಉರಿಯಲು ಅರ್ಧ ಗಂಟೆ ಹಿಡಿಯಿತು. ಹೆಚ್ಚಿನವು ಅವಳಿಗೆ ಬಾಯಿಪಾಠವಿದ್ದವು. ಅದನ್ನು ಯಾರಿಗೂ ಹೇಳಬೇಡ ಎಂದರು ಅತ್ತೆ.

ಮತದ ದಿನ ಡಾಕ್ಟರಮ್ಮ ಕರೆಯದೆಯೇ ಸಭೆಗೆ ಬಂದರು. ಬೇಕರಿಯವಳು ಎಷ್ಟು ತಾಸು ಬೆಂಚಿನ ಮೇಲಿದ್ದಳು, ಜ್ವರ ಎಷ್ಟಿತ್ತು, ಏನೇನು ಕಳೆದುಕೊಂಡಳು ಎಲ್ಲವನ್ನೂ ಬರೆದು ತಂದಿದ್ದನ್ನು ಓದಿದರು. ಟೈಲರಕ್ಕ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಗುಮಾಸ್ತ ಎರಡು ಸಲ ಎಣಿಸಿದ. ಏಳಕ್ಕೆ ಆರು: ಪತ್ರ ಮತ್ತು ಮೊಹರಿನ ನಿಯಮ ರದ್ದಾಯಿತು. ಧರ್ಮದ ಕಲಂ ಮಾತ್ರ ಬೇರೆ ಮತಕ್ಕೆ ಬಂದು, ಬೇಡ ಎಂದವರು ಆರು, ಇರಲಿ ಎಂದವರು ಏಳು ಆಗಿ ಉಳಿದುಕೊಂಡಿತು. ಒಬ್ಬನೇ ಒಬ್ಬ ಆ ಕಡೆಗೆ ಜಾರಿದ್ದ. ಸಮಿತಿಯೂ ಉಳಿಯಿತು. ಅಧ್ಯಕ್ಷರು ಹೊರಡುವಾಗ ಅವಳಿಗೆ ಕೈ ಮುಗಿದು, "ಕಲಂ ಇದ್ರೆ ಸಾಕು ತಾಯಿ. ಉಳಿದಿದ್ದೆಲ್ಲ ಆಮೇಲೆ ಬರುತ್ತೆ" ಅಂದರು.

ಮುಂದಿನ ಚುನಾವಣೆಯಲ್ಲಿ ಅವಳು ಸೋತಳು. ಗಂಡ ಇನ್ನೂ ಪಂಪ್‌ಹೌಸಿನಲ್ಲೇ ಇದ್ದ. ಡಾಕ್ಟರಮ್ಮನಿಗೆ ವರ್ಗವಾಯಿತು. ಗಿರಾಕಿಗಳು ಮೆಲ್ಲಗೆ ಮರಳಿದರು, ಹೆಚ್ಚಾಗಿ ಹಿಂದಿನ ಬಾಗಿಲಿನಿಂದ. ಬೇಕರಿಯವರು ಮಾತ್ರ ನಿಲ್ಲಲಿಲ್ಲ. ಒಂದು ಭಾನುವಾರ ತಟ್ಟೆ, ತಕ್ಕಡಿ, ಹಾಸಿಗೆ ಎಲ್ಲಾ ಲಾರಿಗೆ ಏರಿಸಿ, ಇದ್ದೊಬ್ಬ ಮಗಳನ್ನೂ ಕೂರಿಸಿಕೊಂಡು ಐದು ತಾಸು ದೂರದ ದೊಡ್ಡ ಊರಿಗೆ ಹೋದರು. ಆಚೆ ಬೀದಿಯಲ್ಲಿ ಬಾಗಿಲು ಹಾಕಿದ ಆರನೆಯ ಮನೆ ಅದು.

ಎರಡು ತಿಂಗಳ ಮೇಲೆ ಅಲ್ಲಿಂದ ಬೇಕರಿಯವನ ಹೆಂಡತಿಯ ಫೋನು ಬಂತು.

"ಅಕ್ಕಾ, ಚೆನ್ನಾಗಿದ್ದೀರಾ? ಮಗಳಿಗೆ ಕೆಮ್ಮು, ಇಲ್ಲಿಯ ಆಸ್ಪತ್ರೆಗೆ ಹೋಗಿದ್ದೆ. ಒಂದು ಫಾರಂ ಕೊಟ್ರು. ಮೊದಲನೇ ಸಾಲಲ್ಲೇ ಧರ್ಮ ಕೇಳಿದ್ದಾರೆ."

ಟೈಲರಕ್ಕ ಬಾಯಲ್ಲಿದ್ದ ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಏನು ಬರೆದೆ?"

"ಖಾಲಿ ಬಿಟ್ಟೆ. ಕೌಂಟರಿನವಳು ನನ್ನ ಮುಖ ನೋಡಿ ತಾನೇ ತುಂಬಿದಳು."

"ಆ ಕೌಂಟರಿಗೆ ನಾನೂ ಬರ್ತೀನಿ" ಅಂದಳು ಟೈಲರಕ್ಕ. ಆಮೇಲೆ, ಆ ಊರಿಗೆ ಬೆಳಿಗ್ಗೆ ಮೊದಲನೇ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.