ಪಡಸಾಲೆಯಲ್ಲಿ ಕೇಳಿದ ಪ್ರಶ್ನೆ

ನನ್ನ ತಂಗಿ ಅಂಬವ್ವನ ಸೊಸೆ ಸ್ನೇಹಲತಾ ಊಟದ ಸಲಹೆ ಕೊಡುವ ಕೆಲಸ ಶುರು ಮಾಡಿದ್ದು ನಾವೆಲ್ಲ ಕೂಡಿ ಇರುವ ನಾಚಾರಂನ ಮನೆಯ ಪಡಸಾಲೆಯಲ್ಲಿ. ಬಾಗಿಲ ಪಕ್ಕ ಒಂದು ಬೋರ್ಡು ಹಾಕಿಸಿದ್ದಳು. ಅದರ ಮೇಲೆ ಅವಳ ಹೆಸರು, ಕೆಳಗೆ ಹೋಲಿಸ್ಟಿಕ್ ನ್ಯೂಟ್ರಿಷನ್ ಅಂತ ಕನ್ನಡದಲ್ಲೂ ತೆಲುಗಿನಲ್ಲೂ ಬರೆದಿತ್ತು. ಹಾಗಂದರೇನು ಅಂತ ಕೇಳಿದೆ. ಬರೀ ರೋಗ ನೋಡುವುದಲ್ಲ ದೊಡ್ಡವ್ವ, ಮನುಷ್ಯ ಏನು ತಿನ್ನುತ್ತಾನೆ, ಹೇಗೆ ಮಲಗುತ್ತಾನೆ, ಯಾವ ಚಿಂತೆ ಹಚ್ಚಿಕೊಂಡಿದ್ದಾನೆ, ಎಲ್ಲಾ ಕೂಡಿಸಿ ನೋಡಿ ಊಟ ಹೇಳುವುದು ಅಂದಳು.

ಈ ಹುಚ್ಚು ಅವಳಿಗೆ ಹತ್ತಿದ್ದು ಮಗಳು ಹುಟ್ಟಿದ ಮೇಲೆ. ಬಾಣಂತನದಲ್ಲಿ ಮೈಯಲ್ಲಿ ರಕ್ತವೇ ಇಲ್ಲದೆ ಗೋಡೆ ಹಿಡಿದು ನಡೆಯುವಂತಾಗಿತ್ತು. ಗುಳಿಗೆಯ ಜೊತೆಗೆ ಏನೇನೋ ಓದಿ, ಸಜ್ಜೆ, ಎಳ್ಳು, ಸೊಪ್ಪು ತಿಂದು ಮೇಲೆದ್ದಳು. ಆಮೇಲೆ ಫೋನಿನಲ್ಲೇ ಕೋರ್ಸು ಸೇರಿದಳು. ಗಂಡ ಮಹೇಶಕುಮಾರ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗೆ ಬಸ್ಸು ಹಿಡಿದು ಹೋದರೆ ಕತ್ತಲಾದ ಮೇಲೆಯೇ ಬರುವವನು. ಇವಳು ಕುಕ್ಕರಿನ ಮುಂದೆ ನಿಂತು ಪಾಠ ಕೇಳಿದಳು, ಪರೀಕ್ಷೆ ಕಟ್ಟಿದಳು. ಇನ್ನೊಬ್ಬರ ಮುಂದೆ ಕೈ ಚಾಚದೆ ತನ್ನದು ಅಂತ ಒಂದು ಕೆಲಸ ಇರಬೇಕು ಅನ್ನುವುದು ಅವಳ ಆಸೆ. ಬೇರೆ ಇನ್ನೇನೂ ಅವಳು ಕೇಳಿದ್ದನ್ನು ನಾನು ಕಂಡಿಲ್ಲ.

ಬಂದವರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು ಮಾತಾಡಬೇಕು ಅಂತ ಕೋರ್ಸಿನಲ್ಲಿ ಹೇಳಿದ್ದರಂತೆ. ಅದಕ್ಕೆಂದೇ ಸುಲ್ತಾನ್ ಬಜಾರಿಗೆ ಹೋಗಿ ಹಸಿರು ಪರದೆ ತಂದು ಪಡಸಾಲೆಯ ಒಂದು ಮೂಲೆಗೆ ಕಟ್ಟಿದಳು. ಅಂಬವ್ವ ಅದನ್ನು ಬಿಚ್ಚಿಸಿದಳು. "ಪರದಿ ಹಾಕಿದ್ರ ಒಳಗ ಏನು ನಡದೈತಿ ಅಂತಾರ. ನಮ್ಮ ಮಂದಿ ಒಬ್ಬೊಬ್ಬರೇ ಬರೂದಿಲ್ಲ ತಂಗಿ, ಕೂಡಿ ಬರ್ತಾರ, ಕೂಡಿ ಕುಂದರ್ತಾರ," ಅಂದಳು. ಅಂಬವ್ವನ ಮಾತು ಸುಳ್ಳಾಗಲಿಲ್ಲ. ಬೀದರ ಕಡೆಯ, ಕಲಬುರಗಿ ಕಡೆಯ ಹೆಣ್ಣುಮಕ್ಕಳು ಮಧ್ಯಾಹ್ನ ಊಟ ಮುಗಿಸಿ ಗುಂಪಾಗಿ ಬಂದು ಚಾಪೆಯ ಮೇಲೆ ಕೂತುಬಿಡುತ್ತಿದ್ದರು. ಒಬ್ಬಳ ಸಕ್ಕರೆ ಕಾಯಿಲೆ, ಇನ್ನೊಬ್ಬಳ ಮೊಣಕಾಲು ನೋವು, ಎಲ್ಲವೂ ಎಲ್ಲರಿಗೂ ಗೊತ್ತು. ನಾನೂ ಬಳ್ಳೊಳ್ಳಿ ಬಿಡಿಸುತ್ತಾ ಗೋಡೆಗೆ ಒರಗಿ ಕೇಳುತ್ತಿದ್ದೆ. ಎದುರು ಮನೆಯ ಗದಿಗೆಮ್ಮ ದಿನಾ ಚೇಷ್ಟೆ ಮಾಡುವವಳು. "ಊಟ ಬಿಡ್ಸಾಕ ಕೋರ್ಸ್ ಯಾಕ ಬೇಕವ್ವಾ? ನಮ್ಮತ್ತಿ ಏನೂ ಕಲೀಲಾರದ ನನಗ ಊಟ ಬಿಡ್ಸಿದ್ಲು," ಅಂತ ಒಂದು ದಿನ ಅಂದಾಗ ಸ್ನೇಹಲತಾ ಕೂಡ ಪೆನ್ನು ಕೆಳಗಿಟ್ಟು ನಕ್ಕಳು.

ಹಾಗಿರುವಾಗ ಆ ಗುಂಪಿನಲ್ಲೇ ಬರುತ್ತಿದ್ದ ಬಂಡೆಮ್ಮ ರೇಣುಕಾಳನ್ನು ಕೈಹಿಡಿದು ಕರೆತಂದಳು. ರೇಣುಕಾ ನಮ್ಮ ಓಣಿಯ ಗುರುಶಾಂತನ ಹೆಂಡತಿ. ಅವರ ಮಗಳು ಸೌಂದರ್ಯಾಳಿಗೆ ಬಂಡೆಮ್ಮನ ತಂಗಿಯ ಮಗನ ಜೊತೆ ಮಾತುಕತೆ ನಡೆದಿತ್ತು. ನಿಶ್ಚಯ ಇನ್ನೂ ಆಗಿರಲಿಲ್ಲ. ಬೀಗತಿಯಾಗುವವಳು ಹೀಗೆ ಬಿಳಿಚಿಕೊಂಡರೆ ಹೇಗೆ, ಮದುವೆಯೊಳಗೆ ಮೈಗೆ ಶಕ್ತಿ ಬರಬೇಕು ಅಂತ ಬಂಡೆಮ್ಮನೇ ಮುಂದೆ ನಿಂತು ಹೇಳಿದಳು. ರೇಣುಕಾಳ ಮುಖ ಊದಿತ್ತು, ಮಾತಿಗೆ ದಮ್ಮು ಇರಲಿಲ್ಲ. ಸ್ನೇಹಲತಾ ಪದ್ಧತಿಯಂತೆ ಎಲ್ಲಾ ಕೇಳಿದಳು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ. ಕೊನೆಗೆ, "ಅಕ್ಕಾ, ಬ್ಯಾರೆ ಏನಾರ ಬ್ಯಾನಿ ಐತೇನು? ದವಾಖಾನಿಗೆ ತೋರ್ಸೀರೇನು?" ಅಂದಳು.

ರೇಣುಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಪಕ್ಕದಲ್ಲಿ ಬಂಡೆಮ್ಮ, ಸುತ್ತಲೂ ಓಣಿಯ ಹೆಂಗಸರು. "ಏನಿಲ್ಲವ್ವಾ. ಬರೇ ಸುಸ್ತು," ಅಂದಳು.

ಸ್ನೇಹಲತಾ ಬರೆದುಕೊಟ್ಟಳು. ಬೆಳಿಗ್ಗೆ ನುಗ್ಗೆಸೊಪ್ಪು, ಪಾಲಕ ಅರೆದ ರಸ, ಹೊತ್ತೇರಿದ ಮೇಲೆ ಎಳನೀರು, ಮಧ್ಯಾಹ್ನ ಬೇಳೆ, ಟೊಮೆಟೊ. ಬಂಡೆಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ದಿನಾ ತಾನೇ ಎಳನೀರು ಕೊಯ್ಯಿಸಿಕೊಂಡು ರೇಣುಕಾಳ ಮನೆಗೆ ಹೋಗಿ, ಕುಡಿದು ಮುಗಿಸುವ ತನಕ ಎದುರಿಗೆ ಕೂತು ಬರುತ್ತಿದ್ದಳು.

ಹದಿನೈದು ದಿನ ಕಳೆದಿರಬೇಕು. ರೇಣುಕಾ ಒಲೆಯ ಮುಂದೆ ಕುಸಿದು ಬಿದ್ದಳು. ರಕ್ತದಲ್ಲಿ ಯಾವುದೋ ಉಪ್ಪು ಏರಿ ಎದೆಬಡಿತ ಹಾದಿ ತಪ್ಪಿದೆ ಅಂತ ದವಾಖಾನೆಯಲ್ಲಿ ಹೇಳಿದರು. ಮಷೀನು ಹಚ್ಚಿದರು. ಏನು ಕೊಡುತ್ತಿದ್ದಿರಿ ಅಂತ ಡಾಕ್ಟರು ಕೇಳಿದ್ದಕ್ಕೆ ಗುರುಶಾಂತ ಎಲ್ಲಾ ಹೇಳಿದನಂತೆ. ಮೂತ್ರಪಿಂಡ ಕೆಟ್ಟವರಿಗೆ ಇದು ವಿಷವಲ್ಲವೇನ್ರಿ ಅಂದರಂತೆ ಅವರು.

ಗುರುಶಾಂತ ಮರುದಿನ ಮುಂಜಾನೆಯೇ ನಮ್ಮ ಮನೆಗೆ ಬಂದ. ಪಡಸಾಲೆಯಲ್ಲಿ ನಾನು, ಅಂಬವ್ವ, ಸ್ನೇಹಲತಾ ಬಿಟ್ಟರೆ ಯಾರೂ ಇರಲಿಲ್ಲ. ಕುರ್ಚಿ ಕೊಟ್ಟರೂ ಕೂಡಲಿಲ್ಲ. ರೇಣುಕಾಳಿಗೆ ವರ್ಷದಿಂದ ಮೂತ್ರಪಿಂಡದ ಬೇನೆ ಇದೆ, ಅವಳ ತಾಯಿಯೂ ಅದರಲ್ಲೇ ಹೋದವಳು ಅಂತ ಅವತ್ತೇ ಬಾಯಿಬಿಟ್ಟ. ಪರಿಚಯದವರು ಕಾಣದ ಹಾಗೆ ಊರಿನ ಇನ್ನೊಂದು ತುದಿಯ ದವಾಖಾನೆಗೆ ತೋರಿಸುತ್ತಿದ್ದರಂತೆ. ಎಳನೀರು, ಹಣ್ಣು ಕಡಿಮೆ ಮಾಡಿ ಅಂತ ಅಲ್ಲಿ ಹೇಳಿದ್ದು ಅವಳಿಗೆ ನೆನಪಿತ್ತು. ಆದರೆ ಬೀಗತಿಯಾಗುವವಳು ಕೈಯಾರೆ ತಂದು ಕೊಟ್ಟದ್ದನ್ನು ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳಲ್ಲ. ಎಳನೀರಲ್ಲವೇ, ಏನಾದೀತು ಅಂತ ಕುಡಿದಳು.

"ಅಣ್ಣಾರ, ನಾ ಕೇಳಿದ್ದೆ," ಅಂದಳು ಸ್ನೇಹಲತಾ. "ಬ್ಯಾರೆ ಬ್ಯಾನಿ ಐತೇನು ಅಂತ ಎಲ್ಲಾರ ಮುಂದ ಕೇಳಿದ್ದೆ."

"ಎಲ್ಲಾರ ಮುಂದ ಕೇಳಿದಿ ತಂಗಿ. ಅದಕ್ಕ ಅಕಿ ಹೇಳಲಿಲ್ಲ."

ಆಮೇಲೆ ತಾನು ಬಂದ ಕೆಲಸ ಹೇಳಿದ. ತಾಯಿಗೆ, ಅಜ್ಜಿಗೆ ಇದ್ದ ಬೇನೆ ಗೊತ್ತಾದರೆ ಸೌಂದರ್ಯಾಳಿಗೆ ಈ ಮನೆಯೂ ಇಲ್ಲ, ಇನ್ನೊಂದು ಮನೆಯೂ ಇಲ್ಲ. ನಿನ್ನ ಸೊಪ್ಪಿನ ರಸದಿಂದ ಹೀಗಾಯಿತು ಅಂತ ನಾವು ಹೇಳುತ್ತೇವೆ, ನೀನು ಅಲ್ಲ ಅನ್ನಬೇಡ ಅಂದ. ಕೈಮುಗಿದೇ ನಿಂತಿದ್ದ. ಅಂಬವ್ವನಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಮಗಳ ಬಾಳೇ ಸಲುವಾಗಿ ನನ್ನ ಸೊಸೀ ಬಾಳೇ ಹಾಳಾಗಬೇಕೇನು?" ಅಂದಳು. ಸ್ನೇಹಲತಾ ಅತ್ತೆಯ ಮೊಣಕೈ ಹಿಡಿದು ಸುಮ್ಮನಾಗಿಸಿದಳು. ಅಕ್ಕನ ಹತ್ತಿರ ಯಾರಿದ್ದಾರೆ ಈಗ ಅಂತ ಮಾತ್ರ ಕೇಳಿದಳು.

ರೇಣುಕಾ ಆ ವಾರವೇ ತೀರಿಕೊಂಡಳು. ಮಣ್ಣಿಗೆ ಹೋದಾಗ ಬಂಡೆಮ್ಮ ಎಲ್ಲರಿಗೂ ಕೇಳುವಂತೆ, ಕೊಂದವಳು ಬಂದಳು ನೋಡಿ ಅಂದಳು. ಪಾಪ, ತನ್ನ ಕೈಯಾರೆ ಕೊಟ್ಟ ಎಳನೀರಿನ ಸಂಕಟ ಅವಳಿಗೂ ಇತ್ತು. ಅದನ್ನು ಎಲ್ಲಾದರೂ ಇಳಿಸಬೇಕಿತ್ತು. ಸ್ನೇಹಲತಾ ಬೇನೆಯ ಮಾತು ಎತ್ತದೆ ಒಂದು ಹಿಡಿ ಮಣ್ಣು ಹಾಕಿ ಬಂದಳು. ಅಲ್ಲಿಂದ ಮುಂದೆ ನಮ್ಮ ಪಡಸಾಲೆಗೆ ಯಾರೂ ಬರಲಿಲ್ಲ, ಗದಿಗೆಮ್ಮ ಕೂಡ. ಸಾವಾದ ಮನೆಯಲ್ಲಿ ವರ್ಷದೊಳಗೆ ಶುಭಕಾರ್ಯ ಆಗಬೇಕು ಅಂತ ಸೌಂದರ್ಯಾಳ ಮದುವೆ ಬೇಗ ಮುಗಿಸಿದರು. ನಮಗೆ ಕರೆ ಇರಲಿಲ್ಲ. ಮಹೇಶಕುಮಾರ ಒಂದು ರವಿವಾರ ಬೋರ್ಡು ಬಿಚ್ಚಿ ಅಟ್ಟಕ್ಕೆ ಹಾಕಿದ. ಸ್ನೇಹಲತಾ ಮಸಾಲೆ ಪುಡಿ ತುಂಬುವ ಕಾರ್ಖಾನೆಗೆ ಸೇರಿಕೊಂಡಳು.

ಹೋದ ವರ್ಷ ಸೌಂದರ್ಯಾಳ ಮಗನ ತೊಟ್ಟಿಲಿಗೆ ಗುರುಶಾಂತ ತಾನೇ ಬಂದು ನಮ್ಮನ್ನು ಕರೆದ. ಊಟಕ್ಕೆ ಕೂತವರ ಮುಂದೆ ಎದ್ದು ನಿಂತು ಇದ್ದದ್ದೆಲ್ಲಾ ಹೇಳಿಬಿಟ್ಟ. ಮಗಳಿಗೂ ಅಳಿಯನಿಗೂ ಮೊದಲೇ ಹೇಳಿದ್ದನಂತೆ. ಅವನೇ ಹೇಳಿದ ಮೇಲೆ ನಾನೂ ಬರೆಯಬಹುದು ಅಂತ ಬರೆದೆ. ಬಂಡೆಮ್ಮ ಹೋಳಿಗೆ ಮುರಿಯುತ್ತಾ, "ಆತು ಬಿಡ್ರಿ, ಅಕಿ ಆಯುಷ್ಯ ಅಷ್ಟೇ ಇತ್ತು," ಅಂದಳು. ಮಂದಿ ಮತ್ತೆ ಉಣ್ಣಲು ಶುರು ಮಾಡಿದರು. ಸ್ನೇಹಲತಾಳ ಕಡೆಗೆ ಒಬ್ಬರೂ ತಿರುಗಲಿಲ್ಲ.

ಆಟೋದಲ್ಲಿ ಬರುವಾಗ ಅಂಬವ್ವ ಹಿಗ್ಗಿನಲ್ಲಿದ್ದಳು. ಇನ್ನು ಬೋರ್ಡು ಹಾಕೋಣ, ಈ ಸಲ ಪರದೆಯೂ ಕಟ್ಟೋಣ ಅಂದಳು.

"ಅತ್ತೀ, ಅಣ್ಣಾರು ಖರೇನ ಹೇಳಿದ್ರು," ಅಂದಳು ಸ್ನೇಹಲತಾ. "ಆದ್ರ ಅಕ್ಕನ ಮುಖ ಊದಿದ್ದು ನಾ ನೋಡಿದ್ದೆ. ರಕ್ತದ ರಿಪೋರ್ಟ್ ತಗೊಂಡು ಬರ್ರಿ, ಆಮ್ಯಾಲೆ ಬರಕೊಡ್ತೀನಿ ಅನ್ನಬಹುದಿತ್ತು. ಅನ್ನಲಿಲ್ಲ. ರಸ ಬರಕೊಟ್ಟಾಕಿ ನಾನೇ."

ಮನೆಗೆ ಬಂದ ಮೇಲೆ ಸ್ನೇಹಲತಾ ಸೀರೆ ಬದಲಿಸಿ, ನಾಳೆ ಕಾರ್ಖಾನೆಯ ಪಾಳಿಗೆ ಒಯ್ಯುವ ಬುತ್ತಿಗೆಂದು ಹಿಟ್ಟು ನಾದಿಟ್ಟಳು.