ಹಾಡಿನಲ್ಲಿ ಅವರಿರಲಿಲ್ಲ

ನಮ್ಮ ಮನೆಯವರು ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಸತ್ತದ್ದು ಮೆಟ್ಟಿಲ ಮೇಲೆ. ಒಂದು ಆಫೀಸಿನ ಲಿಫ್ಟ್ ಕೆಟ್ಟಿತ್ತು. ಸರಿ ಮಾಡಲು ಏಳನೇ ಮಹಡಿಗೆ ಹತ್ತುತ್ತಿದ್ದರು, ಐದರಲ್ಲಿ ಕುಳಿತರು, ಮತ್ತೆ ಏಳಲಿಲ್ಲ. ಇದನ್ನು ಕೇಳಿ ಒಬ್ಬಿಬ್ಬರು ನಗು ತಡೆದುಕೊಂಡದ್ದನ್ನು ನಾನು ನೋಡಿದ್ದೇನೆ. ತಡೆದುಕೊಳ್ಳುವುದು ಬೇಡ. ಬೇರೆಯವರಿಗೆ ಹೀಗಾಗಿದ್ದರೆ ನಮ್ಮವರೂ ನಗುತ್ತಿದ್ದರು.

ವಾರಕ್ಕೆ ಆರು ದಿನ ಲಿಫ್ಟು, ಭಾನುವಾರ ಗಿಟಾರು. ಬೇಸ್ ಗಿಟಾರ್. ಉದ್ದ ಕುತ್ತಿಗೆ, ದಪ್ಪ ತಂತಿ. ಮದುವೆಯಾದ ಹೊಸದರಲ್ಲಿ ನಾನು ತಂತಿ ಎಣಿಸಿದೆ.

"ಬೇರೆಯವರ ಗಿಟಾರಿಗೆ ಆರಿರತ್ತೆ. ನಿಮ್ದಕ್ಕೆ ಎರಡು ಕಮ್ಮಿ. ಅಂಗಡಿಯವನು ಟೋಪಿ ಹಾಕಿದಾನೆ."

"ಇದು ಇರೋದೇ ಹೀಗೆ ಕಣೇ."

"ಕಮ್ಮಿ ತಂತಿಗೆ ಜಾಸ್ತಿ ದುಡ್ಡಾ?"

"ದಪ್ಪ ನೋಡು, ದಪ್ಪ," ಅಂದರು. ಆಮೇಲೆ ತಮ್ಮ ತಂಡದವರಿಗೆಲ್ಲ ಇದನ್ನು ಹೇಳಿ ನನ್ನ ಮಾನ ಕಳೆದರು.

ಆ ತಂತಿ ಹಳೆಯದಾದರೆ ದನಿ ಮಂಕಾಗುತ್ತದಂತೆ. ಆಗ ಬಿಚ್ಚಿ, ಸುರುಳಿ ಸುತ್ತಿ, ನೀರಿನಲ್ಲಿ ಕುದಿಸುತ್ತಿದ್ದರು. ಅದೂ ನನ್ನ ಹಾಲಿನ ಪಾತ್ರೆಯಲ್ಲಿ. ಬೆರಳಿನ ಜಿಡ್ಡು, ಬೆವರು ಎಲ್ಲ ನೀರಿಗೆ ಬಿಟ್ಟು, ನೀರು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ನಾನು ಮೊದಲ ಸಲ ನೋಡಿದಾಗ ಬಾಯಿಗೆ ಬಂದಂತೆ ಬೈದೆ. ಆ ಪಾತ್ರೆಯನ್ನು ಅವರಿಗೇ ಬಿಟ್ಟುಕೊಟ್ಟು ಬೇರೆ ತಂದೆ. ಕುದಿಸಿದ ತಂತಿಗಳನ್ನು ನನ್ನ ಸೀರೆಯ ಪಕ್ಕ ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದರು.

ಬೇಸಿಗೆಯಲ್ಲಿ ಅದರ ಕುತ್ತಿಗೆ ಬಾಗುತ್ತದೆ. ಒಂದು ಸಣ್ಣ ಕೀಲಿ ಹಾಕಿ ಕಾಲು ಸುತ್ತು ತಿರುಗಿಸಿ, ಒಂದು ದಿನ ಹಾಗೇ ಬಿಡಬೇಕು. ತಿರುಗಿಸುವಾಗ ಮಾತಾಡಿಸಿದರೆ ಉತ್ತರವಿಲ್ಲ. ಹತ್ತು ಜನರನ್ನು ಹೊರುವ ಲಿಫ್ಟಿಗೆ ಅಷ್ಟು ಹೆದರುತ್ತಿರಲಿಲ್ಲ, ಈ ಕಾಲು ಸುತ್ತಿಗೆ ಹೆದರುತ್ತಿದ್ದರು.

ಇನ್ನು ಬಾಕ್ಸು. ಗಿಟಾರಿನ ವೈರು ಸಿಕ್ಕಿಸುವ ಸ್ಪೀಕರ್ ಬಾಕ್ಸು, ಇಪ್ಪತ್ತೆಂಟು ಕೆಜಿ. ನಮ್ಮದು ಮೂರನೇ ಮಹಡಿ. ಈ ಕಟ್ಟಡಕ್ಕೆ ಲಿಫ್ಟಿಲ್ಲ. ಕಾರ್ಯಕ್ರಮವಿದ್ದಾಗಲೆಲ್ಲ ಅದನ್ನು ಎದೆಗವಚಿಕೊಂಡು ಇಳಿಯುವರು, ಮತ್ತೆ ಹತ್ತುವರು. ಹಗುರದ ಬಾಕ್ಸುಗಳ ಚಿತ್ರವನ್ನು ಫೋನಿನಲ್ಲಿ ನೋಡುವುದೇ ಒಂದು ಕೆಲಸ.

"ಹನ್ನೆರಡೇ ಕೆಜಿ ಅಂತೆ ನೋಡು!"

"ತಗೊಳ್ಳಿ ಮತ್ತೆ. ಸೊಂಟಾನಾದ್ರೂ ಉಳಿಯತ್ತೆ."

"ಅದರಲ್ಲಿ ಇದರ ದನಿ ಬರಲ್ಲ."

ಹೀಗೆ ಎಂಟು ವರ್ಷ ನೋಡಿದರು. ತೆಗೆದುಕೊಳ್ಳಲಿಲ್ಲ.

ತಂಡದಲ್ಲಿ ನಾಲ್ವರು. ಸಣ್ಣ ಗಿಟಾರಿಗೆ ಮೆಡಿಕಲ್ ಶಾಪಿನವರು. ಡ್ರಮ್ಮಿಗೆ ಒಬ್ಬ ವೆಲ್ಡರ್. ಹಾಡಲು ಒಬ್ಬರು ಮೇಡಂ, ಬ್ಯಾಂಕಿನವರು. ಮತ್ತೆ ಇವರು. ಇವರಿಗೆ ಅವರೆಲ್ಲ ಇಟ್ಟ ಹೆಸರು ಗುಂಯಣ್ಣ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರಾಕ್ಟೀಸ್. ಯಾರಾದರೂ ರಿಟೈರ್ ಆದರೆ, ಹೊಸ ಅಂಗಡಿ ತೆರೆದರೆ, ಕರೆದರೆ ಹೋಗಿ ನುಡಿಸುವರು.

ನಾನು ಎಷ್ಟೋ ಕಾರ್ಯಕ್ರಮಕ್ಕೆ ಹೋಗಿದ್ದೇನೆ. ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ಅವರ ಬೆರಳು ಓಡುವುದು ಕಾಣುತ್ತಿತ್ತು. ಅದರಿಂದ ಬರುವ ಸದ್ದು ಯಾವುದು ಎಂದು ಮಾತ್ರ ನನಗೆ ಗೊತ್ತಾಗುತ್ತಿರಲಿಲ್ಲ. ಡ್ರಮ್ಮು ಕೇಳುತ್ತದೆ, ಹಾಡು ಕೇಳುತ್ತದೆ, ಸಣ್ಣ ಗಿಟಾರು ಕೇಳುತ್ತದೆ. ಇವರದು ಯಾವುದು?

ಬರುವಾಗ ದಾರಿಯಲ್ಲಿ ಕೇಳುವರು, "ಕೇಳಿಸ್ತಾ?"

"ಕೇಳಿಸ್ತು."

"ಹೇಗಿತ್ತು?"

"ಚೆನ್ನಾಗಿತ್ತು."

ಹತ್ತೊಂಬತ್ತು ವರ್ಷ ಇದೇ ಸುಳ್ಳು. ನಿಜ ಹೇಳಿದ್ದರೆ ಕೂರಿಸಿಕೊಂಡು ಕೇಳಿಸುತ್ತಿದ್ದರು. ನನಗೆ ಯಾವಾಗಲೂ ಒಲೆ ಮೇಲೆ ಏನಾದರೂ ಇರುತ್ತಿತ್ತು.

ಅವರು ಹೋಗಿ ನಾಲ್ಕು ತಿಂಗಳಾಯಿತು. ನಮಗೆ ಮಕ್ಕಳಿಲ್ಲ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವ ಕೆಲಸ ಮಾಡುತ್ತೇನೆ. ಅಲ್ಲಿ ಇಬ್ಬಿಬ್ಬರು ಎದುರು ಬದುರು ನಿಂತು ಮಡಚುತ್ತೇವೆ. ಮನೆಯಲ್ಲಿ ಇನ್ನೊಂದು ತುದಿ ಹಿಡಿಯುವವರಿಲ್ಲ. ಗಲ್ಲದ ಕೆಳಗೆ ಸಿಕ್ಕಿಸಿಕೊಂಡು ಮಡಚುತ್ತೇನೆ. ಸೊಟ್ಟ ಬರುತ್ತದೆ. ಯಾರು ನೋಡಬೇಕು?

ಹೋದ ತಿಂಗಳು ಮೆಡಿಕಲ್ಲಿನವರು ಫೋನ್ ಮಾಡಿದರು. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ಹೊಸಬರೊಬ್ಬರು ಬಂದಿದಾರೆ. ಗಿಟಾರ್ ಇದೆ ಅವರ ಹತ್ರ. ಬಾಕ್ಸ್ ಇಲ್ಲ. ಅಣ್ಣನ ಬಾಕ್ಸ್ ಸುಮ್ನೆ ಇದೆಯಲ್ಲ…"

ಸುಮ್ಮನೇ ಇತ್ತು. ಮಡಚಿದ ಬಟ್ಟೆ ಇಡುತ್ತಿದ್ದೆ ಅದರ ಮೇಲೆ.

"ತಗೊಂಡು ಹೋಗಿ," ಅಂದೆ. "ಆದ್ರೆ ನಮ್ಮವರು ನುಡಿಸಿದ್ದು ಏನಾದ್ರೂ ಇದ್ರೆ ನನಗೆ ಕಳಿಸಿ. ಒಂದ್ಸಲ ಸರಿಯಾಗಿ ಕೇಳ್ಬೇಕು."

ಇದ್ದದ್ದು ಒಂದೇ ಒಂದು. ಹೋದ ವರ್ಷ ಪ್ರಾಕ್ಟೀಸ್ ಕೋಣೆಯಲ್ಲಿ ವೆಲ್ಡರ್ ಸಣ್ಣ ರೆಕಾರ್ಡರ್ ಇಟ್ಟು ತೆಗೆದದ್ದು. ಒಂದು ಹಾಡು. ಅದನ್ನು ನನ್ನ ಫೋನಿಗೆ ಕಳಿಸಿದರು.

ಊಟದ ಬಿಡುವಿನಲ್ಲಿ ಹಾಕಿದೆ. ಮೇಡಂ ಹಾಡಿದರು. ಡ್ರಮ್ಮು ಟಿಕ್ ಟಿಕ್ ಎಂದಿತು. ಸಣ್ಣ ಗಿಟಾರು ಕಿಣಿಕಿಣಿ ಎಂದಿತು. ಹಾಡು ಮುಗಿಯಿತು. ಮತ್ತೆ ಹಾಕಿದೆ. ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಎಂಟು ದಿನ ಇದೇ ಆಯಿತು. ನನ್ನ ಕಿವಿಯೇ ಸರಿಯಿಲ್ಲವೆಂದು ಇಸ್ತ್ರಿ ಅಕ್ಕನಿಗೆ ಕೇಳಿಸಿದೆ. ನನಗಿಂತ ಹಿರಿಯಳು, ನಾವು ಮಡಚುವ ಮೊದಲು ಇಸ್ತ್ರಿ ಹಾಕುವವಳು, ನೇರ ಮಾತಿನವಳು.

"ನಿನ್ನ ಗಂಡ ಎಲ್ಲೇ ಇದರಲ್ಲಿ?" ಅಂದಳು.

"ದಪ್ಪ ಸದ್ದು ಬರ್ಬೇಕು."

"ದಪ್ಪನೂ ಇಲ್ಲ, ಸಣ್ಣನೂ ಇಲ್ಲ. ಅವನಿಲ್ಲ ಇದರಲ್ಲಿ. ಬೇರೆ ಯಾವ್ದೋ ಕಳ್ಸಿ ಕೈ ತೊಳ್ಕೊಂಡಿದಾರೆ ನೋಡು."

ಎದೆಯಲ್ಲಿ ಬೆಂಕಿ ಬಿತ್ತು. ಹೊಸಬರು ಬಂದರೆಂದು ಇವರನ್ನು ಹಾಡಿನಿಂದಲೂ ತೆಗೆದಿದ್ದಾರೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಮೆಡಿಕಲ್ಲಿನವರು, ವೆಲ್ಡರ್ ಇಬ್ಬರೂ ಹಗ್ಗ ತೆಗೆದುಕೊಂಡು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬಾಕ್ಸ್ ಕೊಡಲ್ಲ."

"ಯಾಕತ್ತಿಗೆ? ನೀವೇ ಹೇಳಿದ್ರಲ್ಲ."

"ಅವರನ್ನ ತೆಗೆದುಹಾಕಿ ಹಾಡು ಕಳ್ಸಿದೀರಿ. ಸತ್ತವರು ಬಂದು ಕೇಳಲ್ಲ ಅಂತಲಾ? ನಾನಿದೀನಿ ಕೇಳಕ್ಕೆ."

ಮೆಡಿಕಲ್ಲಿನವರ ಮುಖ ಬಿಳಿಚಿತು. ವೆಲ್ಡರ್ ಮಾತ್ರ ಕೇಳಿದ, "ಯಾವುದರಲ್ಲಿ ಕೇಳಿದ್ರಿ ಅತ್ತಿಗೆ?"

"ಫೋನಲ್ಲಿ. ಮತ್ತೆ ಬಕೆಟ್ಟಲ್ಲಿ ಕೇಳ್ತಾರಾ?"

ಅವನಿಗೆ ನಗು ಬಂತು. ಮೆಡಿಕಲ್ಲಿನವರು ಅವನ ಕಾಲು ತುಳಿದರು. ಆಮೇಲೆ ನಿಧಾನವಾಗಿ ಹೇಳಿದರು, "ಫೋನಿನ ಸ್ಪೀಕರ್ ಒಂದು ಉಗುರಿನಷ್ಟಿರತ್ತೆ ಅತ್ತಿಗೆ. ಅಣ್ಣನ ದನಿ ತುಂಬಾ ಕೆಳಗಿಂದು. ಅದರಲ್ಲಿ ಬರಲ್ಲ. ಹಾಡಲ್ಲಿ ಅಣ್ಣ ಇದಾರೆ. ಫೋನಿಗೆ ಅವರನ್ನ ಹೊರಕ್ಕಾಗಲ್ಲ, ಅಷ್ಟೇ."

ನಾನು ಬಾಗಿಲು ಬಿಟ್ಟೆ. "ಹಾಗಾದ್ರೆ ಇದರಲ್ಲಿ ಹಾಕಿ," ಎಂದು ಬಾಕ್ಸು ತೋರಿಸಿದೆ. ಮೇಲಿದ್ದ ಬಟ್ಟೆ ಮಂಚಕ್ಕೆ ಎಸೆದೆ.

ಫೋನಿನ ತೂತು ಸಣ್ಣದು, ಬಾಕ್ಸಿನದು ದೊಡ್ಡದು. ನಡುವೆ ಹಾಕುವ ಪಿನ್ನು ಬೇಕಿತ್ತು. ನಮ್ಮವರು ಚೂರುಪಾರು ಸಾಮಾನು ಇಡುತ್ತಿದ್ದ ಬಿಸ್ಕತ್ತಿನ ಡಬ್ಬಿ ಸುರಿದೆವು. ತುಂಡು ವೈರು, ಸ್ಕ್ರೂ, ಕುದಿಸಿ ಕುದಿಸಿ ಸತ್ತ ತಂತಿಗಳು. ಅವನ್ನೂ ಎಸೆದಿರಲಿಲ್ಲ ಮಹಾನುಭಾವರು. ಪಿನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿತ್ತು. ಮೇಲೆ ಅವರ ಅಕ್ಷರ: 'ಎಸೆಯಬೇಡ'. ಅದು ನನಗೆ ಬರೆದದ್ದು.

ಸಿಕ್ಕಿಸಿದರು. ಒಂದು ಗುಂಡಿ ತಿರುಗಿಸಿದರು.

ಮೇಡಂ ದನಿ ಕಂಬಳಿಯೊಳಗಿಂದ ಬಂದಂತೆ ಬಂತು. ಸಣ್ಣ ಗಿಟಾರು ದೂರ ಹೋಯಿತು. ಆಮೇಲೆ ನೆಲ ನಡುಗಿತು. ಮೊದಲು ನನ್ನ ಅಂಗಾಲಿಗೆ ಬಂತು, ಆಮೇಲೆ ಕಿವಿಗೆ. ದುಂ… ದುಂ ದುಂ… ನಿಧಾನ. ಅವರು ನಡೆಯುತ್ತಿದ್ದದ್ದೂ ಹಾಗೆಯೇ, ಅವಸರವಿಲ್ಲದೆ, ಕಾಲು ಪೂರ್ತಿ ಊರಿ. ಹಾಡು ಒಂದು ಕಡೆ ಏರಿತು. ಎಲ್ಲರೂ ಜೋರಾದರು. ಇವರು ಸುಮ್ಮನಾದರು.

"ಯಾಕೆ ನಿಲ್ಲಿಸಿದ್ರು?" ಅಂದೆ.

"ಅಲ್ಲಿ ಯಾವಾಗ್ಲೂ ನಿಲ್ಲಿಸೋರು," ವೆಲ್ಡರ್ ಅಂದ. "ಅಲ್ಲೂ ನುಡಿಸಣ್ಣಾ ಅಂದ್ರೆ, ಅಲ್ಲಿ ಮೇಡಂ ಉಸಿರು ತಗೋಬೇಕು ಕಣೋ, ನಾನ್ಯಾಕೆ ಅಡ್ಡ ಬರ್ಲಿ ಅನ್ನೋರು."

ನಾನು ಮತ್ತೆ ಹಾಕಲು ಹೇಳಿದೆ. ಹಾಕಿದರು. ಮುಗಿಯಿತು. ಇಬ್ಬರೂ ನಿಂತೇ ಇದ್ದರು. ವೆಲ್ಡರ್ ಕೈಯಲ್ಲಿ ಹಗ್ಗ ಇತ್ತು.

"ನಾನು ಅಂದದ್ದು ತಪ್ಪು," ಅಂದೆ. "ಕ್ಷಮಿಸಿ. ಆದ್ರೆ ಬಾಕ್ಸ್ ಕೊಡಲ್ಲ."

ಮೆಡಿಕಲ್ಲಿನವರು ಹತ್ತಿರ ಬಂದರು.

"ಅತ್ತಿಗೆ, ಶನಿವಾರ ಕಾರ್ಯಕ್ರಮ ಇದೆ. ಅಡ್ವಾನ್ಸ್ ತಗೊಂಡಾಗಿದೆ. ಬೇರೆ ಸಣ್ಣ ಸ್ಪೀಕರ್ ತಂದುಕೊಡ್ತೀನಿ ನಿಮಗೆ, ಹಾಡು ಕೇಳಕ್ಕೆ. ಚೆನ್ನಾಗೇ ಬರತ್ತೆ."

"ಚೆನ್ನಾಗಿ ಬರತ್ತೆ. ಇದರ ದನಿ ಬರಲ್ಲ."

ಮೆಡಿಕಲ್ಲಿನವರು ಚಪ್ಪಲಿ ಹಾಕಿಕೊಂಡರು. ವೆಲ್ಡರಿಗೆ ಸಿಟ್ಟು ಬಂದಿತ್ತು, ಬರಲೇಬೇಕು. ಮಾತು ಕೊಟ್ಟು ಮುರಿದವಳು ನಾನು. ಆದರೂ ಹೋಗುವ ಮುಂಚೆ ಯಾವ ಗುಂಡಿ ಎಷ್ಟು ತಿರುಗಿಸಬೇಕೆಂದು ತೋರಿಸಿದ. ನಾನು ಅಲ್ಲಿ ಕುಂಕುಮ ಹಚ್ಚಲು ಹೋದೆ. "ಅಳಿಸಿಹೋಗತ್ತೆ," ಎಂದು ಜೇಬಿನಿಂದ ತನ್ನ ಮಾರ್ಕರ್ ತೆಗೆದು ಗೀಟು ಹಾಕಿದ. ಇಬ್ಬರೂ ಬರಿಗೈಯಲ್ಲಿ ಇಳಿದು ಹೋದರು. ಶನಿವಾರ ಅವರ ಕಾರ್ಯಕ್ರಮ ಹೇಗಾಯಿತೋ ನಾನು ಕೇಳಿಲ್ಲ. ಅವರೂ ಫೋನ್ ಮಾಡಿಲ್ಲ.

ಬಾಗಿಲು ಹಾಕಿ ಬಾಕ್ಸಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತೆ. ಹಾಡು ಹಾಕಿದೆ. ಮುಗಿದಾಗ ಮತ್ತೆ ಹಾಕಿದೆ. ನಾಲ್ಕೋ ಐದೋ ಸಲಕ್ಕೆ ಮೇಡಂ ಹಾಡು ನನ್ನ ಕಿವಿಯಿಂದ ಬಿಟ್ಟುಹೋಯಿತು, ಡ್ರಮ್ಮೂ ಹೋಯಿತು. ಅವರೊಬ್ಬರೇ ಉಳಿದರು. ಅವರು ನಿಲ್ಲಿಸುವ ಜಾಗ ಬಂದಾಗ ಕೋಣೆಯಲ್ಲಿ ಏನೂ ಇರಲಿಲ್ಲ. ನಾನು ಕಾದೆ. ಮತ್ತೆ ಶುರುವಾದರು.

ಮೇಲಿನ ಮನೆಯವರು ನೆಲ ಕುಟ್ಟಿದರು. ನಾನು ಗುಂಡಿ ಮುಟ್ಟಲಿಲ್ಲ.